ಆ್ಯಪ್ ಪುಸ್ತಕ ಅಚ್ಚಾದ ಕಥೆ

ಕಾದಂಬರಿ, ಕವನ ಸಂಕಲನ, ಹರಟೆ, ಅಡುಗೆ ಪುಸ್ತಕ ಎಲ್ಲವನ್ನೂ ನಮ್ಮ ಪ್ರಕಾಶನ ಅಚ್ಚು ಹಾಕಿತ್ತು. ಕಂಪ್ಯೂಟರ್ ಪುಸ್ತಕದ ತಂಟೆಗೆ ಮಾತ್ರ ಹೋಗಿರಲಿಲ್ಲ. 2014ರ ಮಳೆಗಾಲದಲ್ಲಿ ದಾವಣಗೆರೆ ಕಡೆಯ ಪಾಲಿಟೆಕ್ನಿಕ್ ಮೇಷ್ಟ್ರೊಬ್ಬರು ಚಾಮರಾಜಪೇಟೆಯ ನಮ್ಮ ಕಚೇರಿಗೆ ಬಂದು, ದಪ್ಪನೆಯ ಹಸ್ತಪ್ರತಿಯೊಂದನ್ನು ಯಜಮಾನರ ಮೇಜಿನ ಮೇಲಿಟ್ಟರು. ಆಂಡ್ರಾಯ್ಡ್ ಫೋನಿಗೆ ಆ್ಯಪ್ ಮಾಡುವುದನ್ನು ಏನೂ ಗೊತ್ತಿಲ್ಲದವರಿಗೆ ಕಲಿಸುವ ಕನ್ನಡ ಪುಸ್ತಕ. ಸಂಪಾದನೆಯ ಕೆಲಸ ನನ್ನದಾದ್ದರಿಂದ ನಾನೂ ಅಲ್ಲೇ ಕೂತಿದ್ದೆ.

"ನಮ್ಮ ಹುಡುಗರು ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಬರ್ತಾರೆ ಸರ್. ಲೆಕ್ಕದಲ್ಲಿ ತೊಂಬತ್ತು ತೆಗೆದವನೂ ಇಂಗ್ಲಿಷ್ ಪುಸ್ತಕದ ಮೊದಲ ಪುಟದಲ್ಲೇ ನಿಂತುಬಿಡ್ತಾನೆ. ಅವನಿಗೆ ಪ್ರೋಗ್ರಾಮು ಅರ್ಥ ಆಗಲ್ಲ ಅಂತಲ್ಲ, ಅದರ ಸುತ್ತ ಬರೆದಿರೋ ವಾಕ್ಯ ಅರ್ಥ ಆಗಲ್ಲ" ಅಂದರು ಮೇಷ್ಟ್ರು.

ಎಪ್ಪತ್ತು ದಾಟಿದ್ದ ನಮ್ಮ ಯಜಮಾನರ ಕೈಯಲ್ಲಿದ್ದದ್ದು ಬಟನ್ ಒತ್ತುವ ಹಳೆಯ ಫೋನು. ಆದರೂ ಮೊದಲ ಅಧ್ಯಾಯವನ್ನು ಅಲ್ಲೇ ಕೂತು ಪೂರ್ತಿ ಓದಿದರು. ಓದಿ ಒಂದೇ ಪ್ರಶ್ನೆ ಕೇಳಿದರು: "ಮೇಷ್ಟ್ರೇ, ನೀವು ಪಕ್ಕದಲ್ಲಿಲ್ಲದೆ ಇದನ್ನ ಓದಿಕೊಂಡು ಒಬ್ಬರೇ ಮಾಡಬಹುದಾ?" ಮಾಡಬಹುದು ಅಂದರು ಮೇಷ್ಟ್ರು. "ಹಾಗಾದ್ರೆ ಯಾರಾದ್ರೂ ಮಾಡಿ ತೋರಿಸ್ಲಿ. ಆಮೇಲೆ ಅಚ್ಚಿಗೆ ಕೊಡೋಣ."

ಹಾಗೆ ಕರೆಸಿದ್ದು ನಮ್ಮ ಬೈಂಡರ್ ಮಗಳನ್ನು. ಆಗ ತಾನೇ ಪಿಯುಸಿ ಕಾಮರ್ಸ್ ಮುಗಿಸಿದ್ದಳು. ಕಂಪ್ಯೂಟರಿನಲ್ಲಿ ಟೈಪ್ ಮಾಡುವುದು ಬಿಟ್ಟರೆ ಬೇರೇನೂ ಬಾರದು. ಕಚೇರಿಯ ಕಂಪ್ಯೂಟರ್ ಮುಂದೆ ಅವಳನ್ನು ಕೂರಿಸಿ, ಹಸ್ತಪ್ರತಿಯನ್ನು ಎಡಗಡೆ ಇಟ್ಟೆವು. ಮೇಷ್ಟ್ರು ದಾವಣಗೆರೆಯಿಂದ ಬಂದಾಗಲೆಲ್ಲ ಅವಳ ಹಿಂದೆ ಕೂರುತ್ತಿದ್ದರು, ಆದರೆ ಬಾಯಿ ಬಿಡುವ ಹಾಗಿರಲಿಲ್ಲ. ಅದು ಯಜಮಾನರ ಕಟ್ಟಪ್ಪಣೆ. ಅವಳು ಎಲ್ಲಿ ನಿಲ್ಲುತ್ತಾಳೋ ಆ ಸಾಲಿನ ಪಕ್ಕ ನಾನು ಪೆನ್ಸಿಲಿನಲ್ಲಿ ಗೆರೆ ಎಳೆಯಬೇಕು. ಅಷ್ಟೇ ನನ್ನ ಕೆಲಸ.

ಮೊದಲು ನಿಂತದ್ದು ಫೋನನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸುವ ಕಡೆ. ಸೆಟ್ಟಿಂಗ್ಸಿನಲ್ಲಿ 'ಡೆವಲಪರ್ ಆಪ್ಷನ್ಸ್'ಗೆ ಹೋಗಿ ಎಂದು ಬರೆದಿತ್ತು. ಅವಳು ಮೇಲಿನಿಂದ ಕೆಳಗಿನವರೆಗೆ ಹುಡುಕಿದಳು, ಮತ್ತೆ ಕೆಳಗಿನಿಂದ ಮೇಲಕ್ಕೆ ಬಂದಳು. ಅದು ಅಲ್ಲಿರಲಿಲ್ಲ. ಆಂಡ್ರಾಯ್ಡ್ 4.2ರಿಂದ ಈಚೆಗೆ ಅದನ್ನು ಮುಚ್ಚಿಟ್ಟಿದ್ದಾರೆ. 'ಅಬೌಟ್ ಫೋನ್' ಒಳಗೆ ಹೋಗಿ 'ಬಿಲ್ಡ್ ನಂಬರ್' ಮೇಲೆ 7 ಸಲ ಬೆರಳಿನಿಂದ ಒತ್ತಿದರೆ ಮಾತ್ರ ಅದು ಹೊರಗೆ ಬರುತ್ತದೆ. ಇದನ್ನು ಯಾರಾದರೂ ಹೇಳಿಕೊಡದೆ ತಾನಾಗಿ ಕಂಡುಕೊಳ್ಳುವುದು ಯಾರಿಂದ ಸಾಧ್ಯ? ಮೇಷ್ಟ್ರ ಫೋನಿನಲ್ಲಿ ಎಂದೋ ಒತ್ತಿ ಆಗಿತ್ತು, ಅವರಿಗೆ ಅದು ಯಾವಾಗಲೂ ಕಣ್ಣ ಮುಂದೆಯೇ ಇತ್ತು. ಅವತ್ತು ಸಂಜೆಯೇ ಅವರು ಆ ಒಂದು ಸಾಲನ್ನು ಒಂದು ಪುಟ ಮಾಡಿದರು.

ಪುಸ್ತಕದ ಮೊದಲ ದೊಡ್ಡ ಅಭ್ಯಾಸ ಹಾಲಿನ ಲೆಕ್ಕದ ಆ್ಯಪ್. ನಮ್ಮ ಕಡೆ ಮನೆಮನೆಯಲ್ಲೂ ಕ್ಯಾಲೆಂಡರಿನ ಮೇಲೆ ಹಾಲು ಹಾಕಿಸಿಕೊಂಡ ದಿನಕ್ಕೆ ಗುರುತು ಹಾಕುತ್ತಾರಲ್ಲ, ಅದೇ ಲೆಕ್ಕ. ಎಷ್ಟು ಲೀಟರ್ ಎಂದು ತುಂಬಲು ಒಂದು ಖಾನೆ, ದರ ತುಂಬಲು ಇನ್ನೊಂದು, ಕೆಳಗೆ ಒಂದು ಬಟನ್ನು, ಅದರ ಕೆಳಗೆ ಉತ್ತರ. ಮೇಷ್ಟ್ರು ಈ ಅಭ್ಯಾಸವನ್ನು ತರಗತಿಯಲ್ಲಿ ಮಾಡಿಸಿ ಪಳಗಿದ್ದರು. ಹುಡುಗಿ ಎಲ್ಲವನ್ನೂ ಪುಸ್ತಕದಲ್ಲಿದ್ದ ಹಾಗೇ ಮಾಡಿ ಫೋನಿಗೆ ಹಾಕಿದಳು. ಪರದೆಯ ಮೇಲೆ ತಾನು ಮಾಡಿದ ಬಟನ್ ಕಂಡ ಖುಷಿಗೆ, ಖಾನೆಗಳಲ್ಲಿ ಏನೂ ತುಂಬದೆಯೇ ಅದನ್ನು ಒತ್ತಿಬಿಟ್ಟಳು. ಆ್ಯಪ್ ಠಪ್ಪನೆ ಮುಚ್ಚಿಕೊಂಡಿತು, ನಿಂತುಹೋಗಿದೆ ಎಂಬ ಇಂಗ್ಲಿಷ್ ಸೂಚನೆ ಬಂತು. "ನಾನೇನೋ ಕೆಡಿಸಿಬಿಟ್ಟೆ ಸರ್" ಎಂದು ಅವಳು ಕೈ ಹಿಂದೆಗೆದಳು.

ಮೇಷ್ಟ್ರಿಗೆ ತಡೆಯಲಾಗಲಿಲ್ಲ, ಅಪ್ಪಣೆ ಮೀರಿ ಎದ್ದು ನಿಂತರು. "ಇಲ್ಲಮ್ಮಾ, ನೀನು ಕೆಡಿಸಿಲ್ಲ. ಇದೇ ನನಗೆ ಬೇಕಾಗಿದ್ದು!" ಖಾಲಿ ಖಾನೆಯಿಂದ ಸಂಖ್ಯೆ ತೆಗೆದುಕೊ ಎಂದರೆ, ಆ್ಯಪ್ ಬರೆಯುವ ಜಾವಾ ಭಾಷೆಗೆ ಅಲ್ಲಿ ಸಂಖ್ಯೆಯೇ ಸಿಗುವುದಿಲ್ಲ. 'ನಂಬರ್ ಫಾರ್ಮ್ಯಾಟ್ ಎಕ್ಸೆಪ್ಷನ್' ಎಂಬ ದೋಷ ಎದ್ದು ಇಡೀ ಆ್ಯಪ್ ನಿಂತುಹೋಗುತ್ತದೆ. ಖಾನೆ ಖಾಲಿಯಿದೆಯೇ ಎಂದು ಮೊದಲು ನೋಡಿ ಆಮೇಲೆ ಲೆಕ್ಕ ಮಾಡು ಎಂದು ಒಂದು ಷರತ್ತು ಹಾಕಿದರೆ ತೀರಿತು. 'ಷರತ್ತು' ಎಂಬ ಅಧ್ಯಾಯ ಹಸ್ತಪ್ರತಿಯ ಕೊನೆಯಲ್ಲೆಲ್ಲೋ ಒಣಗಿಕೊಂಡು ಬಿದ್ದಿತ್ತು. ಅದು ಹಾಲಿನ ಲೆಕ್ಕದ ಬೆನ್ನಿಗೇ ಬಂತು, ಮತ್ತು ಅದರ ಮೊದಲ ಸೂಚನೆಯೇ 'ಏನನ್ನೂ ತುಂಬದೆ ಬಟನ್ ಒತ್ತಿ ನೋಡಿ' ಎಂದಾಯಿತು. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಅದೇ ಶ್ರೇಷ್ಠ ಅಧ್ಯಾಯ.

ಬಟನ್ನಿನ ಮೇಲಿನ ಬರಹ ಕನ್ನಡದಲ್ಲೇ ಇರಬೇಕು ಎಂಬುದು ಮೇಷ್ಟ್ರ ಹಟ. ಅದಕ್ಕೆ ದಾರಿಯೂ ಇದೆ. ಕನ್ನಡದ ಸಂಕೇತವಾದ 'ಕೆ ಎನ್' ಸೇರಿಸಿ ಒಂದು ಫೋಲ್ಡರ್ ಮಾಡಿ, ಪದಗಳನ್ನೆಲ್ಲ ಅದರೊಳಗಿನ ಕಡತದಲ್ಲಿಟ್ಟರೆ, ಫೋನಿನ ಭಾಷೆ ಕನ್ನಡವಾಗಿದ್ದಾಗ ಆ್ಯಪ್ ತಾನೇ ಕನ್ನಡಕ್ಕೆ ತಿರುಗಿಕೊಳ್ಳುತ್ತದೆ. ಆದರೆ ಬೈಂಡರ್ ಫೋನಿನಲ್ಲಿದ್ದದ್ದು ಆಂಡ್ರಾಯ್ಡ್ 2.3. ಕನ್ನಡದ ಅಕ್ಷರ ಇರಬೇಕಾದ ಕಡೆಯೆಲ್ಲ ಖಾಲಿ ಚೌಕಗಳು ಬಂದವು. 2012ರಲ್ಲಿ ಬಂದ 4.1ರಿಂದ ಈಚಿನ ಫೋನುಗಳಲ್ಲಿ ಕನ್ನಡ ಸರಿಯಾಗಿ ಮೂಡುತ್ತಿತ್ತು. ಈ ವಿವರವನ್ನೂ ಸೇರಿಸಿದೆವು.

ಡಿಸೆಂಬರ್ ಹೊತ್ತಿಗೆ ಅರ್ಧ ಪುಸ್ತಕ ಡಿಟಿಪಿ ಆಗಿತ್ತು. ಆ ತಿಂಗಳ 8ರಂದು ಗೂಗಲ್ 'ಆಂಡ್ರಾಯ್ಡ್ ಸ್ಟುಡಿಯೋ 1.0' ಬಿಡುಗಡೆ ಮಾಡಿತು. ಅಲ್ಲಿಯವರೆಗೆ ಹೆಚ್ಚಿನವರು ಆ್ಯಪ್ ಮಾಡುತ್ತಿದ್ದದ್ದು ಎಕ್ಲಿಪ್ಸ್ ಎಂಬ ತಂತ್ರಾಂಶದಲ್ಲಿ, ನಮ್ಮ ಪುಸ್ತಕವೂ ಅದನ್ನೇ ನಂಬಿತ್ತು. ಹೊಸದರಲ್ಲಿ ಮೆನುಗಳು ಬೇರೆ, ಫೋಲ್ಡರುಗಳ ಜಾಗ ಬೇರೆ. ಗ್ರೇಡಲ್ ಎಂಬ ಸಾಧನವೊಂದು ಹೊಸದಾಗಿ ಸೇರಿಕೊಂಡು, ಮೊದಲ ಸಲ ತೆರೆದಾಗ ಇಂಟರ್ನೆಟ್ಟಿನಿಂದ ಏನೇನನ್ನೋ ಇಳಿಸಿಕೊಳ್ಳುತ್ತಾ ಕೂರುತ್ತದೆ. ಪುಸ್ತಕದಲ್ಲಿದ್ದ ಪರದೆಯ ಚಿತ್ರಗಳಲ್ಲಿ ಒಂದೂ ಉಳಿಯುವಂತಿರಲಿಲ್ಲ.

ಹೀಗೇ ಬಿಡೋಣ, ಎಕ್ಲಿಪ್ಸ್ ಇನ್ನೂ ಕೆಲಸ ಮಾಡುತ್ತದೆ ಎಂದವರು ನಮ್ಮಲ್ಲೇ ಇದ್ದರು. ಮೇಷ್ಟ್ರು ಆಗ ಒಂದು ಸಂಗತಿ ಹೇಳಿದರು. ಕೋಡ್ ಬರೆಯದೆ, ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ ಆ್ಯಪ್ ಮಾಡುವ 'ಆ್ಯಪ್ ಇನ್ವೆಂಟರ್' ಎಂಬ ಸಾಧನವನ್ನು ಗೂಗಲ್ 2010ರಲ್ಲಿ ತಂದಿತ್ತು. ಅದನ್ನು ಕಲಿಸುವ ಪುಸ್ತಕವನ್ನು ಡೇವಿಡ್ ವೋಲ್ಬರ್, ಹಾಲ್ ಏಬಲ್‌ಸನ್ ಮತ್ತು ಸಂಗಡಿಗರು 2011ರಲ್ಲಿ ಹೊರತಂದರು. ಅದೇ ವರ್ಷ ಗೂಗಲ್ ಆ ಸಾಧನವನ್ನು ತಾನು ಮುಂದೆ ನಡೆಸುವುದಿಲ್ಲ ಎಂದಿತು, ಎಂಐಟಿ ಕೈಗೆತ್ತಿಕೊಂಡಿತು. 2013ರ ಕೊನೆಗೆ ಅದರ ಎರಡನೆಯ ಆವೃತ್ತಿ ಬಂದಾಗ ಲೇಖಕರು ಪುಸ್ತಕವನ್ನೂ ಹೊಸದಾಗಿ ಮಾಡಿ 2014ರಲ್ಲಿ ತಂದರು. "ಅಂಥ ದೊಡ್ಡವರೇ ಮತ್ತೆ ಬರೆದಿದ್ದಾರೆ ಸರ್, ನಾನೂ ಬರೀತೀನಿ" ಅಂದರು ಮೇಷ್ಟ್ರು.

ಯಜಮಾನರು ಕೇಳಿಸಿಕೊಂಡು, "ಡಿಟಿಪಿ ದುಡ್ಡು ಹೋದ್ರೆ ಹೋಗಲಿ" ಅಂದರು. "ಪುಸ್ತಕದಲ್ಲಿ ಒಂದಿದ್ದು ಪರದೆ ಮೇಲೆ ಇನ್ನೊಂದು ಕಂಡ್ರೆ, ಹೊಸಬ ಪುಸ್ತಕ ತಪ್ಪು ಅಂದ್ಕೊಳಲ್ಲ. ನನಗೇ ತಲೆ ಇಲ್ಲ ಅಂದ್ಕೋತಾನೆ. ಆ ಪಾಪ ನಮಗೆ ಬೇಡ."

ಈ ಮಾತು ಕೇಳಿದ ಮೇಲೆ ಚರ್ಚೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಮರುವರ್ಷ ಜೂನ್‌ನಲ್ಲಿ, ಎಕ್ಲಿಪ್ಸ್‌ಗೆ ಕೊಡುತ್ತಿದ್ದ ಬೆಂಬಲವನ್ನು ವರ್ಷದ ಕೊನೆಗೆ ನಿಲ್ಲಿಸುತ್ತೇವೆ ಎಂದು ಗೂಗಲ್ಲೇ ಪ್ರಕಟಿಸಿತು.

ಸ್ಟುಡಿಯೋಗೆ ಕನಿಷ್ಠ 2 ಜಿಬಿ ರ‍್ಯಾಮ್ ಬೇಕು, 4 ಇದ್ದರೆ ಒಳ್ಳೆಯದು ಎಂದಿತ್ತು. ಕಾಲೇಜಿನ ಲ್ಯಾಬುಗಳ ಸ್ಥಿತಿ ಮೇಷ್ಟ್ರಿಗೆ ಗೊತ್ತಿತ್ತು. ಕಂಪ್ಯೂಟರಿನೊಳಗೇ ಫೋನ್ ತೋರಿಸುವ ಎಮ್ಯುಲೇಟರ್ ಅಂಥ ಕಡೆ ಏಳುವುದೇ ಕಷ್ಟ. ಆದ್ದರಿಂದ ಅದಕ್ಕೆ ಅರ್ಧ ಪುಟ ಕೊಟ್ಟು, ನಿಜವಾದ ಫೋನಿನಲ್ಲೇ ಓಡಿಸುವುದನ್ನು ಮುಂದಕ್ಕೆ ತಂದರು. ಹುಡುಗಿ ಮತ್ತೆ ಮೊದಲಿನಿಂದ ಕೂತಳು.

ಇನ್ನು ಡಿಟಿಪಿಯ ಪಾಡು. ಮೇಷ್ಟ್ರು ಬರೆದದ್ದು ಯೂನಿಕೋಡಿನಲ್ಲಿ. ನಮ್ಮ ಡಿಟಿಪಿಯವರು ಪುಟ ಕಟ್ಟುತ್ತಿದ್ದದ್ದು ಪೇಜ್‌ಮೇಕರ್‌ನಲ್ಲಿ, ಹಳೆಯ ಬಗೆಯ ಕನ್ನಡ ಫಾಂಟಿನಲ್ಲಿ. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಅಕ್ಷರ, ಗುಣಿತ, ಒತ್ತುಗಳ ತುಣುಕುಗಳನ್ನು ಕೂರಿಸಿರುತ್ತಾರೆ. ಕಾದಂಬರಿಗೆ ಇದರಿಂದ ತೊಂದರೆಯಿಲ್ಲ. ಇಲ್ಲಿ ಸಾಲಿಗೊಂದು ಇಂಗ್ಲಿಷ್ ಕೋಡು. ಎಲ್ಲವನ್ನೂ ಒಟ್ಟಿಗೆ ಹಿಡಿದು ಕನ್ನಡ ಫಾಂಟ್ ಕೊಟ್ಟ ಕೂಡಲೇ ಜಾವಾದ ಸಾಲುಗಳೆಲ್ಲ ಒತ್ತು, ದೀರ್ಘ, ಕೊಂಬುಗಳ ರಾಶಿಯಾದವು. ಡಿಟಿಪಿ ಮಾಡುತ್ತಿದ್ದ ಹೆಣ್ಣುಮಗಳು ಬೇಸರಪಡದೆ ಒಂದೊಂದೇ ಸಾಲನ್ನು ಹಿಡಿದು ಕೊರಿಯರ್ ಫಾಂಟಿಗೆ ಮರಳಿಸಿದರು. ಉದ್ದದ ಸಾಲುಗಳು ಪುಟದ ಅಗಲಕ್ಕೆ ಹಿಡಿಸದೆ ತಾವಾಗಿ ಮುರಿದುಕೊಳ್ಳುತ್ತಿದ್ದವು. ಎಲ್ಲಿ ಮುರಿದರೆ ಅರ್ಥ ಕೆಡುವುದಿಲ್ಲ ಎಂಬುದನ್ನು ಮೇಷ್ಟ್ರು ಫೋನಿನಲ್ಲೇ ಅವರಿಗೆ ಹೇಳಿಕೊಟ್ಟರು.

ನಮ್ಮ ಹಿರಿಯ ಪ್ರೂಫ್ ರೀಡರ್ ಕಣ್ಣಿಗೆ ಹಳಗನ್ನಡದ ಒಂದು ಸೊನ್ನೆಯೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಕೋಡಿನ ಪುಟಗಳನ್ನು ಮಾತ್ರ ಅವರು ಹಾಗೇ ವಾಪಸ್ ಕೊಟ್ಟರು. "ಇದರಲ್ಲಿ ಏನು ಇರಬೇಕು ಅಂತ ಗೊತ್ತಿಲ್ಲದೆ ಏನು ಬಿಟ್ಟುಹೋಗಿದೆ ಅಂತ ಹೇಗೆ ಹೇಳಲಿ?" ಅವರ ಮಾತು ಸರಿಯಾಗಿತ್ತು. ಕೊನೆಗೆ ಒಂದು ಕ್ರಮ ಮಾಡಿಕೊಂಡೆವು. ಕೋಡ್ ಇರುವ ಪುಟವನ್ನು ಓದಿ ತಿದ್ದುವುದಿಲ್ಲ. ಪ್ರೂಫಿನ ಹಾಳೆ ನೋಡಿಕೊಂಡು ಹುಡುಗಿ ಅಕ್ಷರಕ್ಕಕ್ಷರ ಟೈಪ್ ಮಾಡಿ, ಓಡಿಸಿ, ಫೋನಿನಲ್ಲಿ ಬಂದರೆ ಮಾತ್ರ ಆ ಪುಟಕ್ಕೆ ಸಹಿ. ಒಂದು ಕಡೆ ಅರ್ಧವಿರಾಮ ಬಿಟ್ಟುಹೋಗಿತ್ತು, ಇನ್ನೊಂದು ಕಡೆ ಒಂದರ ಅಂಕಿ ಅವಳ ಕಣ್ಣಿಗೆ ಇಂಗ್ಲಿಷಿನ ಸಣ್ಣ ಎಲ್ ಅಕ್ಷರವಾಗಿ ಕಂಡಿತು. ಹೆಸರುಗಳ ಕೊನೆಯಲ್ಲಿ ಅಂಕಿ ಬರುತ್ತಿದ್ದುದನ್ನೇ ಮೇಷ್ಟ್ರು ತೆಗೆದುಹಾಕಿ 'ಲೀಟರ್', 'ದರ' ಎಂದು ಮಾಡಿದರು.

ಆ್ಯಪನ್ನು ಪ್ಲೇ ಸ್ಟೋರಿಗೆ ಹಾಕುವುದು ಕೊನೆಯ ಅಧ್ಯಾಯ. ನೋಂದಣಿಗೆ ಒಂದೇ ಸಲ ಕಟ್ಟುವ 25 ಡಾಲರ್ ಶುಲ್ಕ. ಅದಕ್ಕೆ ಹೊರದೇಶದಲ್ಲಿ ನಡೆಯುವ ಕಾರ್ಡು ಬೇಕು, ವಿದ್ಯಾರ್ಥಿಗಳ ಬಳಿ ಅದೆಲ್ಲಿಂದ ಬರಬೇಕು? ಹಾಗಾಗಿ ಆ್ಯಪಿನ ಕಡತವನ್ನು ಬ್ಲೂಟೂತಿನಲ್ಲಿ ಗೆಳೆಯರಿಗೆ ಕಳಿಸುವುದನ್ನೂ ಮೇಷ್ಟ್ರು ವಿವರಿಸಿದರು. ಅದಕ್ಕಾಗಿ ಆನ್ ಮಾಡಿದ 'ಅನ್‌ನೋನ್ ಸೋರ್ಸಸ್' ಎಂಬ ಸೆಟ್ಟಿಂಗನ್ನು ಕೆಲಸ ಮುಗಿದ ಮೇಲೆ ಮತ್ತೆ ಆಫ್ ಮಾಡಬೇಕೆಂದು ದಪ್ಪಕ್ಷರದಲ್ಲಿ ಹಾಕಿಸಿದರು. ಅದಕ್ಕಿಂತ ದಪ್ಪಗೆ ಹಾಕಿಸಿದ್ದು ಸಹಿ ಕೀಲಿಯ ಮಾತು. ಆ್ಯಪಿಗೆ ಸಹಿ ಹಾಕುವ ಆ ಕಡತವನ್ನೋ ಅದರ ಪಾಸ್‌ವರ್ಡನ್ನೋ ಕಳೆದುಕೊಂಡರೆ, ಆಗಿನ ನಿಯಮದಲ್ಲಿ ಅದೇ ಆ್ಯಪಿಗೆ ಮತ್ತೆಂದೂ ಅಪ್‌ಡೇಟ್ ಕೊಡುವಂತಿರಲಿಲ್ಲ.

ಬೈಂಡರ್ ಹೊಲಿಗೆ ಬೈಂಡಿಂಗೇ ಆಗಬೇಕೆಂದು ಪಟ್ಟು ಹಿಡಿದರು. ಮಗಳು ಒಂದು ಕೈಯಲ್ಲಿ ಪುಟ ಒತ್ತಿಹಿಡಿದು ಇನ್ನೊಂದರಲ್ಲಿ ಟೈಪ್ ಮಾಡುವುದನ್ನು ಅವರು ನೋಡಿದ್ದರು. ಬೆನ್ನಿಗೆ ಬರೀ ಅಂಟು ಹಾಕಿದರೆ ಇಂಥ ಪುಸ್ತಕ ಮೇಜಿನ ಮೇಲೆ ತೆರೆದುಕೊಂಡು ಕೂರುವುದಿಲ್ಲ. ಖರ್ಚು ಹೆಚ್ಚಾಯಿತು, ಯಜಮಾನರು ಒಪ್ಪಿದರು.

2015ರ ರಾಜ್ಯೋತ್ಸವದ ತಿಂಗಳಲ್ಲಿ ಪುಸ್ತಕ ಹೊರಬಂತು, ಸಾವಿರ ಪ್ರತಿ. ಕೃತಜ್ಞತೆಯ ಪುಟದಲ್ಲಿ ಮೇಷ್ಟ್ರು ಬರೆದ ಮೊದಲ ಹೆಸರು ಬೈಂಡರ್ ಮಗಳದು. ಆ ಹೊತ್ತಿಗೆ ಅವಳು ಕಾಮರ್ಸ್ ಬಿಟ್ಟು ಬಿಸಿಎ ಸೇರಿದ್ದಳು. ಪ್ರತಿಗಳು ನಿಧಾನವಾಗಿ ಮುಗಿದವು. ಮುಗಿದ ಮೇಲೆ ಮರುಮುದ್ರಣ ಮಾಡಲಿಲ್ಲ. 2017ರಲ್ಲಿ ಗೂಗಲ್ ಆಂಡ್ರಾಯ್ಡ್‌ಗೆ ಕಾಟ್ಲಿನ್ ಭಾಷೆಯನ್ನು ಒಪ್ಪಿಕೊಂಡಿತು, 2019ರಲ್ಲಿ ಅದಕ್ಕೇ ಮೊದಲ ಮಣೆ ಎಂದಿತು. 2021ರಲ್ಲಿ ಕಂಪೋಸ್ ಎಂಬ ಸಾಧನ ಬಂದು, ಪರದೆ ಕಟ್ಟುವ ರೀತಿಯೇ ಬದಲಾಯಿತು. ಹಳೆಯ ಪುಟಗಳನ್ನು ಹೊಸಬರ ಕೈಗೆ ಕೊಡಲು ಯಜಮಾನರು ಕಡೆಯವರೆಗೂ ಒಪ್ಪಲಿಲ್ಲ.

ಕಾಟ್ಲಿನ್ ಬಲ್ಲ ಕನ್ನಡದ ಮೇಷ್ಟ್ರುಗಳೇ, ಇಂಜಿನಿಯರುಗಳೇ, ದಯವಿಟ್ಟು ಬರೆಯಿರಿ. ಬರೆದು ಅಚ್ಚಿಗೆ ಕೊಡುವ ಮೊದಲು, ಕೋಡಿನ ಗಂಧವೇ ಇಲ್ಲದ ಒಬ್ಬರನ್ನು ಕೂರಿಸಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಮಾಡಿಸಿ. ಅವರು ಮಾಡುತ್ತಿರುವಾಗ ನೀವು ಮಾತಾಡಬೇಡಿ.