ಕ್ಯಾಸೆಟ್ಟಿನೊಳಗೇ ಆಟವಿದ್ದ ಕಾಲ

2025ರ ಜೂನ್ 5ರಂದು ನಿಂಟೆಂಡೊ ಸ್ವಿಚ್ 2 ಮಾರುಕಟ್ಟೆಗೆ ಬಂತು. 7.9 ಇಂಚಿನ ಪರದೆ, ಒಳಗೆ 256 ಜಿಬಿ ಜಾಗ, ಅಮೆರಿಕದಲ್ಲಿ ಸುಮಾರು 450 ಡಾಲರ್ ಬೆಲೆ. ಹಳೆಯ ಸ್ವಿಚ್ಚನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ತೂಗುವುದು ಅವತ್ತಿನಿಂದಲೇ ಶುರುವಾಯಿತು. ಪರದೆ ಎಷ್ಟು ದೊಡ್ಡದು, ಚಿತ್ರ ಎಷ್ಟು ಸರಾಗ, ಚಾರ್ಜು ಎಷ್ಟು ಹೊತ್ತು ನಿಲ್ಲುತ್ತದೆ, ಕೈ ನೋಯುವಷ್ಟು ಭಾರವೇ? ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ನನ್ನ ಕಣ್ಣು ಮಾತ್ರ ಕೆಲವು ಆಟಗಳ ಡಬ್ಬಿಯ ಮೇಲೆ ಅಚ್ಚಾಗಿದ್ದ ಒಂದು ಪಟ್ಟಿಯ ಮೇಲೆ ನಿಂತುಬಿಟ್ಟಿತು. ‘ಗೇಮ್-ಕೀ ಕಾರ್ಡ್’ ಎಂದಿತ್ತು ಅಲ್ಲಿ. ಡಬ್ಬಿ ತೆರೆದರೆ ಕಾರ್ಡ್ ಇರುತ್ತದೆ, ಕಾರ್ಡಿನಲ್ಲಿ ಆಟ ಇರುವುದಿಲ್ಲ. ಅದನ್ನು ಯಂತ್ರಕ್ಕೆ ಸಿಕ್ಕಿಸಿದ ಮೇಲೆ ಆಟವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಇಳಿದ ಮೇಲೂ ಆಡುವಾಗಲೆಲ್ಲ ಕಾರ್ಡು ಅಲ್ಲೇ ಇರಬೇಕು. ‘ಸ್ಟ್ರೀಟ್ ಫೈಟರ್ 6’ ಈ ಯಂತ್ರಕ್ಕೆ ಬಂದದ್ದು ಹೀಗೆಯೇ.

ನನಗೆ ಇದು ಸಣ್ಣ ವಿಷಯವಾಗಿ ಕಾಣುವುದಿಲ್ಲ. ಮೂವತ್ತೈದು ವರ್ಷಗಳಿಂದ ಅಂಗೈಯ ಆಟದ ಯಂತ್ರಗಳಿಗೆ ಒಂದು ಗುಣವಿತ್ತು. ಯಂತ್ರವನ್ನೂ ಕ್ಯಾಸೆಟ್ಟನ್ನೂ ಜೇಬಿಗೆ ಹಾಕಿಕೊಂಡರೆ ಆಟ ಪೂರ್ತಿಯಾಗಿ ನಿಮ್ಮ ಬಳಿ ಇರುತ್ತಿತ್ತು. ಯಾರ ಅಪ್ಪಣೆಯೂ ಬೇಕಿರಲಿಲ್ಲ, ಯಾವ ಊರಿನ ಯಾವ ಸರ್ವರೂ ಎಚ್ಚರವಾಗಿರಬೇಕಿರಲಿಲ್ಲ. ಒಂದೊಂದು ಹೊಸ ಮಾದರಿ ಬಂದಾಗಲೂ ಆ ಗುಣದ ಒಂದೊಂದು ಚೂರು ಸವೆಯುತ್ತ ಬಂದಿದೆ. ತೂಗುವವರು ತಟ್ಟೆಗೆ ಹಾಕದೆ ಬಿಟ್ಟದ್ದು ಅದನ್ನೇ.

ಈ ಗುಣವನ್ನು ಬೇಕೆಂದೇ ಕಟ್ಟಿದವರು ಗುನ್‌ಪೇ ಯೊಕೊಯಿ. 1965ರಲ್ಲಿ ಕ್ಯೋಟೊದ ನಿಂಟೆಂಡೊ ಕಂಪನಿ ಇನ್ನೂ ಹನಾಫುಡ ಎಂಬ ಜಪಾನಿ ಇಸ್ಪೀಟ್ ಎಲೆಗಳನ್ನು ಮಾಡುತ್ತಿದ್ದಾಗ, ಆ ಎಲೆ ಮಾಡುವ ಯಂತ್ರಗಳ ದೇಖರೇಖಿಗೆಂದು ಸೇರಿದ ಮನುಷ್ಯ. ಬುಲೆಟ್ ರೈಲಿನಲ್ಲಿ ಹೊತ್ತು ಹೋಗದ ಪ್ರಯಾಣಿಕನೊಬ್ಬ ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತ ಕೂತದ್ದನ್ನು ಕಂಡು ಜೇಬಿನಲ್ಲಿಡುವ ಆಟದ ಆಲೋಚನೆ ಅವರಿಗೆ ಹೊಳೆಯಿತು ಎನ್ನುತ್ತಾರೆ. ಆಗ ಕ್ಯಾಲ್ಕುಲೇಟರ್ ಕಂಪನಿಗಳು ಪೈಪೋಟಿಯಲ್ಲಿ ಎಲ್‌ಸಿಡಿ ಪರದೆಯ ಬೆಲೆಯನ್ನು ನೆಲಕ್ಕೆ ಇಳಿಸಿದ್ದವು. ಆ ಅಗ್ಗದ ಪರದೆಯಿಂದಲೇ 1980ರಲ್ಲಿ ‘ಗೇಮ್ ಅಂಡ್ ವಾಚ್’ ಹುಟ್ಟಿತು. ಇಂದು ಬಹುಪಾಲು ಆಟದ ಯಂತ್ರಗಳ ಎಡಗಡೆ ಇರುವ ಕೂಡಿಸುವ ಚಿಹ್ನೆಯಂಥ ಗುಂಡಿ ಕೂಡ ಅದೇ ಸಾಲಿನ 1982ರ ‘ಡಾಂಕಿ ಕಾಂಗ್’ಗಾಗಿ ಅವರು ಮಾಡಿದ್ದು.

ಹೊಚ್ಚ ಹೊಸ ತಂತ್ರಜ್ಞಾನದ ಹಿಂದೆ ಓಡಬಾರದು, ಚೆನ್ನಾಗಿ ಪಳಗಿದ ಅಗ್ಗದ ತಂತ್ರಜ್ಞಾನವನ್ನು ಯಾರೂ ಯೋಚಿಸದ ಕಡೆ ಬಳಸಬೇಕು ಎಂಬುದು ಯೊಕೊಯಿಯವರ ನಂಬಿಕೆ. 1989ರ ಏಪ್ರಿಲ್ 21ರಂದು ಬಂದ ಗೇಮ್ ಬಾಯ್ ಅದಕ್ಕೆ ಸಾಕ್ಷಿ. ಪರದೆಗೆ ಬಣ್ಣವಿಲ್ಲ, ಬೆಳಕಿಲ್ಲ. 160ಕ್ಕೆ 144 ಚುಕ್ಕಿ, ಪಾಚಿ ಹಸಿರಿನ ನಾಲ್ಕು ಛಾಯೆ, ಅಷ್ಟೇ. ಅದೇ ವರ್ಷ ಅಟಾರಿ ಬಣ್ಣದ ಲಿಂಕ್ಸ್ ತಂದಿತು, ಮರುವರ್ಷ ಸೆಗಾ ಬಣ್ಣದ ಗೇಮ್ ಗಿಯರ್ ತಂದಿತು. ಪಕ್ಕಪಕ್ಕ ಇಟ್ಟರೆ ಗೇಮ್ ಬಾಯ್ ಬಡಪಾಯಿಯಂತೆ ಕಾಣುತ್ತಿತ್ತು. ಆದರೆ ಗೇಮ್ ಗಿಯರ್ ಆರು ಪೆನ್ಸಿಲ್ ಸೆಲ್ ನುಂಗಿ ಮೂರರಿಂದ ಐದು ಗಂಟೆಯಲ್ಲಿ ಕಣ್ಣು ಮುಚ್ಚುತ್ತಿತ್ತು. ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ಹತ್ತು ಗಂಟೆಗೂ ಮಿಕ್ಕಿ ಆಡಿಸುತ್ತಿತ್ತು. ಸೆಲ್ ಮುಗಿದರೆ ಯಾವ ಊರಿನ ಯಾವ ಅಂಗಡಿಯಲ್ಲಾದರೂ ಹೊಸದು ಸಿಗುತ್ತಿತ್ತು. ಬಣ್ಣ ಬೇಡವೆಂದದ್ದು ಜಿಪುಣತನವಲ್ಲ. ಆಡುವವನ ಸ್ವಾತಂತ್ರ್ಯವನ್ನು ಲೆಕ್ಕ ಹಾಕಿದ ನಿರ್ಧಾರ ಅದು.

1993ರಲ್ಲಿ ರಷ್ಯಾದ ಗಗನಯಾತ್ರಿ ಅಲೆಕ್ಸಾಂಡರ್ ಸೆರೆಬ್ರೊವ್ ತಮ್ಮ ಗೇಮ್ ಬಾಯನ್ನೂ ಟೆಟ್ರಿಸ್ ಕ್ಯಾಸೆಟ್ಟನ್ನೂ ಮಿರ್ ಅಂತರಿಕ್ಷ ನಿಲ್ದಾಣಕ್ಕೆ ಒಯ್ದರು. ಭೂಮಿಯ ಸುತ್ತ ತಿರುಗುತ್ತ ಇಟ್ಟಿಗೆ ಜೋಡಿಸುವುದಕ್ಕೆ ನಾಲ್ಕು ಸೆಲ್ಲು, ಒಂದು ಕ್ಯಾಸೆಟ್ಟು ಸಾಕಾಗಿತ್ತು. ಕಾರ್ಡಿನಲ್ಲಿ ಬರೀ ಬೀಗದ ಕೈ ಇದ್ದಿದ್ದರೆ?

ಆಗಲೂ ಹೊಸ ಮಾದರಿಗಳು ಬರುತ್ತಿದ್ದವು, ಜನ ಆಗಲೂ ತೂಗುತ್ತಿದ್ದರು. 1996ರ ಗೇಮ್ ಬಾಯ್ ಪಾಕೆಟ್ ತೆಳ್ಳಗಾಗಿ ಎರಡೇ ಸಣ್ಣ ಸೆಲ್ಲಿಗೆ ಇಳಿಯಿತು. 1998ರಲ್ಲಿ ಬೆಳಕಿನ ಪರದೆಯ ‘ಲೈಟ್’ ಬಂತು, ಜಪಾನಿನಲ್ಲಿ ಮಾತ್ರ. ಅದೇ ವರ್ಷ ಬಣ್ಣದ ಗೇಮ್ ಬಾಯ್ ಬಂತು. 2001ರಲ್ಲಿ ಅಡ್ವಾನ್ಸ್. ಯಾವುದನ್ನು ಕೊಂಡರೂ 1989ರ ಕ್ಯಾಸೆಟ್ಟು ಅದರಲ್ಲಿ ಕೂರುತ್ತಿತ್ತು. ಹೊಸದನ್ನು ಕೊಳ್ಳುವವನು ಹಳೆಯದನ್ನು ಬಿಡಬೇಕಿರಲಿಲ್ಲ. ಅಡ್ವಾನ್ಸ್‌ಗೆ ಬೆಳಕಿಲ್ಲದ್ದು ದೊಡ್ಡ ಕೊರತೆ. ಕಿಟಕಿ ಪಕ್ಕವೋ ದೀಪದ ಕೆಳಗೋ ಕತ್ತು ಓರೆ ಮಾಡಿ ಕೂರಬೇಕಿತ್ತು. 2003ರಲ್ಲಿ ಮಡಚುವ ಎಸ್‌ಪಿ ಬಂದು ಆ ಕೊರತೆ ನೀಗಿಸಿತು. ಜೊತೆಗೆ ಚಾರ್ಜ್ ಮಾಡುವ ಬ್ಯಾಟರಿ ತಂದು ಪೆನ್ಸಿಲ್ ಸೆಲ್ಲನ್ನು ಹೊರಗಟ್ಟಿತು, ಇಯರ್‌ಫೋನಿನ ತೂತನ್ನೂ ಕಿತ್ತುಕೊಂಡಿತು. 2005ರ ಮೈಕ್ರೊ, ಬೆಂಕಿಪೊಟ್ಟಣದ ಅಣ್ಣನಂಥ ಆ ಸುಂದರ ಪುಟಾಣಿ, ಹಳೆಯ ಗೇಮ್ ಬಾಯ್ ಕ್ಯಾಸೆಟ್ಟುಗಳಿಗೆ ಬಾಗಿಲು ಹಾಕಿತು. 2004ರ ಡಿಎಸ್‌ನಲ್ಲಿ ಅಡ್ವಾನ್ಸ್ ಕ್ಯಾಸೆಟ್ಟಿಗೆಂದು ಕೆಳಗೆ ಒಂದು ಗೂಡು ಉಳಿದಿತ್ತು. 2008ರ ಡಿಎಸ್‌ಐ ಅದನ್ನೂ ತೆಗೆಯಿತು. ಒಂದೊಂದನ್ನೇ ನೋಡಿದರೆ ಸಣ್ಣ ಬದಲಾವಣೆಗಳು. ಸಾಲಾಗಿ ಜೋಡಿಸಿ ನೋಡಿದರೆ ಎದೆ ಭಾರವಾಗುತ್ತದೆ.

ಕರ್ನಾಟಕದ ಬಹುಪಾಲು ಮಕ್ಕಳು ಗೇಮ್ ಬಾಯ್ ಕಂಡದ್ದು ವಿದೇಶದಿಂದ ರಜೆಗೆ ಬಂದ ದೊಡ್ಡಪ್ಪನ ಮಗನ ಕೈಯಲ್ಲಿ, ಅದೂ ಕಂಡಿದ್ದರೆ. ನಮಗೆ ದಕ್ಕಿದ್ದು ಬ್ರಿಕ್ ಗೇಮ್. ಜಾತ್ರೆಯ ಆಟಿಕೆ ಸಾಲಿನಲ್ಲಿ, ಬಸ್ ಸ್ಟ್ಯಾಂಡ್ ಪಕ್ಕದ ಫ್ಯಾನ್ಸಿ ಸ್ಟೋರಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ನೇತಾಡುತ್ತಿತ್ತು. ಮೈಮೇಲೆ ‘9999 ಇನ್ 1’ ಎಂಬ ಘೋಷಣೆ. ಒಳಗಿದ್ದದ್ದು ಬೆರಳೆಣಿಕೆಯ ಆಟ: ಇಟ್ಟಿಗೆ, ಹಾವು, ಕಾರು, ಟ್ಯಾಂಕು. ಉಳಿದ ಸಾವಿರಗಳೆಲ್ಲ ವೇಗದ, ಹಂತಗಳ ಬದಲಾವಣೆ. ಅಡ್ಡಕ್ಕೆ ಹತ್ತು, ಉದ್ದಕ್ಕೆ ಇಪ್ಪತ್ತು ಚೌಕ, ಅಷ್ಟರಲ್ಲೇ ಇಡೀ ಲೋಕ. ಮಾಸ್ಕೋದ ಅಲೆಕ್ಸಿ ಪಜಿಟ್ನೋವ್ 1984ರಲ್ಲಿ ಸರ್ಕಾರಿ ಸಂಶೋಧನಾ ಕೇಂದ್ರದ ಕಂಪ್ಯೂಟರಿನಲ್ಲಿ ಬರೆದ ಟೆಟ್ರಿಸ್ ಆಟ ಯಾರ ಪರವಾನಗಿಯೂ ಇಲ್ಲದೆ ನಮ್ಮೂರಿನ ಜಾತ್ರೆಯವರೆಗೆ ನಡೆದುಬಂದಿತ್ತು. ಪಾಪ, ಆ ಮನುಷ್ಯನಿಗೆ ತನ್ನದೇ ಆಟದ ರಾಯಲ್ಟಿ ಬರತೊಡಗಿದ್ದೇ 1996ರಲ್ಲಿ.

ಬ್ರಿಕ್ ಗೇಮಿನ ಶಾಸ್ತ್ರ ನಮಗೆಲ್ಲ ಬಾಯಿಪಾಠ. ಸೆಲ್ ಸೋತರೆ ಇಟ್ಟಿಗೆಗಳು ಮಸುಕಾಗುತ್ತಿದ್ದವು, ಸದ್ದು ಎಳೆದುಕೊಂಡು ಬರುತ್ತಿತ್ತು. ಸೆಲ್ಲನ್ನು ತೆಗೆದು ಅಂಗೈಯಲ್ಲಿ ಉಜ್ಜಿ, ಹಲ್ಲಿನಿಂದ ಕಚ್ಚಿ, ಅಂಗಳದ ಬಿಸಿಲಿಗಿಟ್ಟು ಮತ್ತೆ ಹಾಕುತ್ತಿದ್ದೆವು. ಇನ್ನರ್ಧ ಗಂಟೆ ಬರುತ್ತಿತ್ತು. ಆದರೆ ಸೆಲ್ ತೆಗೆದ ಕೂಡಲೇ ದಾಖಲೆ ಅಂಕ ಅಳಿಸಿಹೋಗುತ್ತಿತ್ತು. ಹಾಗಾಗಿ ಅಣ್ಣನ ಅಂಕ ಹೆಚ್ಚಿದ್ದಾಗ ತಮ್ಮಂದಿರಿಗೆ ಸೆಲ್ ಬದಲಿಸುವ ಆತುರ. ಇಬ್ಬರು ಮೂವರು ಮೊಣಕಾಲು ತಾಗಿಸಿ ಒಂದೇ ಪರದೆಯ ಮೇಲೆ ಬಗ್ಗುತ್ತಿದ್ದೆವು. ಒಬ್ಬ ಸೋತರೆ ಯಂತ್ರ ಕೈ ಬದಲಾಗಲೇಬೇಕು. ಆ ವಸ್ತು ಯಾರ ಹೆಸರಿನ ಖಾತೆಗೂ ಸೇರಿರಲಿಲ್ಲ. ಬೇಸಿಗೆ ರಜೆಯಲ್ಲಿ ಅದು ಅಜ್ಜಿಯ ಮನೆಗೆ ಬರುತ್ತಿತ್ತು, ರಜೆ ಮುಗಿದಾಗ ಕೆಲವು ಸಲ ಬೇರೆಯದೇ ಚೀಲದಲ್ಲಿ ಬೇರೆಯದೇ ಊರಿಗೆ ಹೋಗುತ್ತಿತ್ತು.

ಮುಂದೆ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನ ಇಕ್ಕಟ್ಟಿನ ಓಣಿಗಳಲ್ಲಿ ಪಿಎಸ್‌ಪಿಗಳನ್ನು ಸಾಲಾಗಿ ಇಟ್ಟಿರುತ್ತಿದ್ದರು. ಸೋನಿಯ ಆ ಯಂತ್ರ ಜಪಾನಿನಲ್ಲಿ 2004ರ ಡಿಸೆಂಬರಿನಲ್ಲಿ ಬಂದದ್ದು. ಹೊಸ ಮಾದರಿಯನ್ನು ತೂಗುವುದು ಎಂದರೆ ಅಲ್ಲಿ ನಿಜವಾಗಿ ತೂಗುವುದೇ. ಅಂಗಡಿಯವನು ಒಂದು ಕೈಗೆ ಪಿಎಸ್‌ಪಿ 1000, ಇನ್ನೊಂದು ಕೈಗೆ ಪಿಎಸ್‌ಪಿ 2000 ಕೊಟ್ಟು, “ನೀವೇ ನೋಡಿ ಸಾರ್” ಎನ್ನುತ್ತಿದ್ದ. ಎರಡನೆಯದು ತೆಳುವು, ಹಗುರ, ಟಿವಿಗೂ ಜೋಡಿಸಬಹುದು. ಆಮೇಲೆ 3000 ಬಂತು: ಬಣ್ಣ ಗಾಢ, ಒಳಗೇ ಮೈಕು, ಆದರೆ ಚಿತ್ರ ಓಡುವಾಗ ಪರದೆಯ ಮೇಲೆ ತೆಳು ಗೆರೆಗಳು ಕಾಣುತ್ತವೆ ಎಂಬ ದೂರು. ವಾದ ಮಾಡುತ್ತ ಅರ್ಧ ದಿನ ಕಳೆಯಬಹುದಿತ್ತು. ಬೆರಳು ಗುಂಡಿಯ ಮೇಲಿಟ್ಟು, ಹಿಂದಿನ ಮುಚ್ಚಳ ತೆರೆದು, ಡಿಸ್ಕ್ ಒಳಗೆ ಗಿರ್ರೆಂದು ತಿರುಗುವ ಸದ್ದು ಕೇಳಿ ತೀರ್ಮಾನಿಸುತ್ತಿದ್ದೆವು. ಈಗ ನಾವು ತೂಗುವುದು ಅಂಕಿಗಳ ಪಟ್ಟಿಯನ್ನು. ವಸ್ತು ಕೈಗೆ ಬರುವ ಹೊತ್ತಿಗೆ ದುಡ್ಡು ಹೋಗಿರುತ್ತದೆ.

ಆ ಸಾಲಿಗೆ 2009ರಲ್ಲಿ ಪಿಎಸ್‌ಪಿ ಗೋ ಸೇರಿತು. ಅದರಲ್ಲಿ ಡಿಸ್ಕ್ ಹಾಕುವ ಜಾಗವೇ ಇರಲಿಲ್ಲ, ಆಟವೆಲ್ಲ ಇಳಿಸಿಕೊಂಡೇ ಆಡಬೇಕು. ಮನೆಯಲ್ಲಿ ಡಿಸ್ಕುಗಳನ್ನು ಜೋಡಿಸಿಟ್ಟವರಿಗೆ ಅದು ಮುಖ ತಿರುಗಿಸಿತು, ಅವರೂ ಅದಕ್ಕೆ ಮುಖ ತಿರುಗಿಸಿದರು. ಎರಡೇ ವರ್ಷದಲ್ಲಿ ಅದರ ಆಯುಸ್ಸು ಮುಗಿಯಿತು. ಆಗ ನಾನು ಜನ ಗೆದ್ದರು ಎಂದುಕೊಂಡು ಹಿಗ್ಗಿದ್ದೆ. ಸೋತದ್ದು ಆ ಒಂದು ಯಂತ್ರ ಮಾತ್ರ. ಅದು ತೋರಿಸಿದ ದಾರಿಯಲ್ಲಿ ಆಮೇಲೆ ಎಲ್ಲರೂ ನಡೆದರು.

ಆ ದಾರಿಯ ಕೊನೆ ಹೇಗಿರುತ್ತದೆ ಎಂದು ಕಂಡದ್ದು 2023ರ ಮಾರ್ಚ್ 27ರಂದು. ಅವತ್ತು ನಿಂಟೆಂಡೊ ತನ್ನ 3ಡಿಎಸ್‌ನ ಆನ್‌ಲೈನ್ ಅಂಗಡಿಯನ್ನು ಮುಚ್ಚಿತು. ಏಳೂವರೆ ಕೋಟಿಗೂ ಹೆಚ್ಚು ಮಾರಾಟವಾಗಿದ್ದ ಯಂತ್ರ ಅದು. ಕ್ಯಾಸೆಟ್ಟಾಗಿ ಬಾರದೆ ಅಂಗಡಿಯಲ್ಲಷ್ಟೇ ಇದ್ದ ಎಷ್ಟೋ ಆಟಗಳನ್ನು ಅವತ್ತಿನಿಂದ ದುಡ್ಡು ಕೊಟ್ಟು ಕೊಳ್ಳಲು ದಾರಿಯಿಲ್ಲ. ಪಿಎಸ್‌ಪಿಯ ಅಂಗಡಿ ಅದಕ್ಕೂ ಮೊದಲೇ ಮುಚ್ಚಿತ್ತು. ಪಿಎಸ್‌ಪಿಯ ನಂತರದ ಯಂತ್ರವಾದ ವೀಟಾದ ಅಂಗಡಿಯನ್ನೂ ಮುಚ್ಚುವುದಾಗಿ ಹೇಳಿದ್ದ ಸೋನಿ, ಆಡುವವರು ಗದ್ದಲ ಎಬ್ಬಿಸಿದ್ದರಿಂದ ಹಿಂದೆ ಸರಿಯಿತು. ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ವಿಡಿಯೋ ಗೇಮುಗಳಲ್ಲಿ ಶೇಕಡ 87ರಷ್ಟು ಮಾರಾಟದಲ್ಲೇ ಇಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿ ತೋರಿಸಿತು. ಅವುಗಳಲ್ಲಿ ಕ್ಯಾಸೆಟ್ಟು, ಡಿಸ್ಕಿನಲ್ಲಿ ಬಂದವು ಎಲ್ಲೋ ಯಾರದೋ ಅಟ್ಟದ ಮೇಲಾದರೂ ಸಿಗುತ್ತವೆ. ಬರೀ ಸರ್ವರಿನಲ್ಲಿದ್ದದ್ದಕ್ಕೆ ಅಟ್ಟ ಎಲ್ಲಿಂದ ಬರಬೇಕು?

ಹಳೆಯ ಕ್ಯಾಸೆಟ್ಟುಗಳು ಚಿರಂಜೀವಿಗಳೆಂದು ನಾನು ಹೇಳುತ್ತಿಲ್ಲ. 1996ರಲ್ಲಿ ಜಪಾನಿನಲ್ಲಿ ಬಂದ ಪೋಕೆಮಾನ್ ರೆಡ್, ಗ್ರೀನ್ ಕ್ಯಾಸೆಟ್ಟುಗಳೊಳಗೆ ಒಂದು ಬಟನ್ ಸೆಲ್ ಇರುತ್ತದೆ. ಮಗು ಎಲ್ಲಿಯವರೆಗೆ ಆಡಿದೆ, ಯಾವ ಯಾವ ಪ್ರಾಣಿ ಹಿಡಿದಿದೆ ಎಂಬ ನೆನಪನ್ನೆಲ್ಲ ಕಾಯುವುದು ಆ ಸೆಲ್ಲೇ. ಅದು ಸತ್ತರೆ ಬಾಲ್ಯದ ಅಷ್ಟೂ ಶ್ರಮ ಹೋಯಿತು. ಆದರೆ ಅಲ್ಲೂ ಒಂದು ದಾರಿಯಿದೆ. ಮುಚ್ಚಳ ಬಿಚ್ಚಿ, ಬೆಸುಗೆ ಕರಗಿಸಿ, ಹೊಸ ಬಟನ್ ಸೆಲ್ ಹಾಕಬಹುದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬೆಸುಗೆ ಕಡ್ಡಿ ಹಿಡಿದು ಕೂತಿರುವ ಯಾರಿಗಾದರೂ ಅದು ಕೆಲವು ನಿಮಿಷದ ಕೆಲಸ. ಹಳೆಯ ನೆನಪು ಮರಳದು, ಆಟ ಮಾತ್ರ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ರಿಪೇರಿ ಮಾಡುವವನ ಕೈಗೆ ಎಟುಕುವ ಸಾವು ಅದು.

ಅದೇ ಪೋಕೆಮಾನ್‌ನಲ್ಲಿ ಎರಡು ಯಂತ್ರಗಳ ನಡುವೆ ತಂತಿ ಕಟ್ಟಿ ಪ್ರಾಣಿಗಳನ್ನು ಅದಲುಬದಲು ಮಾಡಿಕೊಳ್ಳಬೇಕಿತ್ತು. ಒಂದು ಕ್ಯಾಸೆಟ್ಟಿನಲ್ಲಿ ಎಲ್ಲವೂ ಸಿಗದಂತೆ ಬೇಕೆಂದೇ ಮಾಡಿದ್ದರು. ಕೀಟಗಳನ್ನು ಹಿಡಿಯುತ್ತ ಬೆಳೆದ ಸತೋಶಿ ತಜಿರಿ, ಆ ತಂತಿಯ ಮೇಲೆ ಹುಳವೊಂದು ಈ ಯಂತ್ರದಿಂದ ಆ ಯಂತ್ರಕ್ಕೆ ತೆವಳಿ ಹೋಗುವುದನ್ನು ಕಲ್ಪಿಸಿಕೊಂಡೇ ಈ ಆಟ ಕಟ್ಟಿದ್ದು. ಎಲ್ಲ ಪ್ರಾಣಿಗಳೂ ಬೇಕೆಂದರೆ ಪಕ್ಕದಲ್ಲಿ ಒಬ್ಬ ಗೆಳೆಯ ಕೂರಲೇಬೇಕು, ತಂತಿ ಎಷ್ಟು ಉದ್ದವೋ ಅಷ್ಟೇ ದೂರದಲ್ಲಿ. ಇಂದು ಸಾವಿರಾರು ಮೈಲಿ ಆಚೆಯ ಅಪರಿಚಿತನೊಂದಿಗೆ ಆಡಬಹುದು, ಅದರ ಬೆರಗನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಭುಜಕ್ಕೆ ಭುಜ ತಾಗುವ ಆ ಆಟ ನನಗೆ ಹೆಚ್ಚು ಪ್ರಿಯ.

ಇಳಿಸಿಕೊಳ್ಳುವುದಷ್ಟೇ ಗತಿ, ಇಷ್ಟು ದೊಡ್ಡ ಆಟ ಕಾರ್ಡಿನಲ್ಲಿ ಹಿಡಿಸದು ಎನ್ನುವವರಿದ್ದಾರೆ. ಆದರೆ ಸ್ವಿಚ್ 2 ಬಂದ ದಿನವೇ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ತನ್ನ ‘ಸೈಬರ್‌ಪಂಕ್ 2077’ನ್ನು 64 ಜಿಬಿಯ ಕಾರ್ಡಿನಲ್ಲಿ ಇಡಿಯಾಗಿ ಕೊಟ್ಟಿತು. ಆ ಯಂತ್ರದ ಮೊದಲ ದಿನದ ಅತಿ ದೊಡ್ಡ ಆಟಗಳಲ್ಲಿ ಒಂದು ಅದು. ನಿಂಟೆಂಡೊ ಕೂಡ ತನ್ನದೇ ‘ಮಾರಿಯೊ ಕಾರ್ಟ್ ವರ್ಲ್ಡ್’ನ್ನು ಕಾರ್ಡಿನಲ್ಲೇ ಕೊಟ್ಟಿದೆ. ಅಂದರೆ ಆಗುತ್ತದೆ, ಕಾರ್ಡಿನ ಖರ್ಚನ್ನು ಹೊರುವ ಮನಸ್ಸು ಬೇಕು, ಅಷ್ಟೇ. ಬ್ಯಾಟರಿಯ ವಿಷಯದಲ್ಲೂ ಹೀಗೆಯೇ. ಅಂಟು ಹಾಕಿ ಮುಚ್ಚಿದ ಬ್ಯಾಟರಿ ಅನಿವಾರ್ಯವೆಂದು ವರ್ಷಗಟ್ಟಲೆ ನಂಬಿಸಿದರು. ಈಗ ಯುರೋಪಿನ ಒಕ್ಕೂಟ, 2027ರ ಫೆಬ್ರವರಿಯಿಂದ ಕೈಯಲ್ಲಿ ಹಿಡಿಯುವ ಉಪಕರಣಗಳ ಬ್ಯಾಟರಿಯನ್ನು ಬಳಸುವವರೇ ಬದಲಿಸುವಂತಿರಬೇಕು ಎಂದು ಕಾನೂನು ಮಾಡಿದೆ.

ಮೊನ್ನೆ ತಂಗಿಯ ಮಗ ಕೇಳಿದ, “ಮಾವ, ಹಳೇ ಓಲೆಡ್ ಸ್ವಿಚ್ ತಗೊಳ್ಳಲಾ, ಸ್ವಿಚ್ 2 ತಗೊಳ್ಳಲಾ?” ಪರದೆ, ವೇಗ, ಬೆಲೆ ಎಲ್ಲ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ದುಡ್ಡು ಕೂಡಿದ್ದರೆ ಹೊಸದನ್ನೇ ತಗೋ, ಹಳೆಯ ಸ್ವಿಚ್ಚಿನ ಹೆಚ್ಚಿನ ಕಾರ್ಡುಗಳು ಅದರಲ್ಲೂ ನಡೆಯುತ್ತವೆ ಎಂದೆ. ಆಟ ಕೊಳ್ಳುವಾಗ ಮಾತ್ರ ಡಬ್ಬಿಯ ಕೆಳಗಿನ ಪಟ್ಟಿ ಓದು. ಕಾರ್ಡಿನೊಳಗೆ ಪೂರ್ತಿ ಆಟ ಇಲ್ಲದ್ದನ್ನು ಅಲ್ಲೇ ಬಿಟ್ಟು ಬಾ ಎಂದೆ. “ಯಾಕೆ ಮಾವ, ಮನೇಲಿ ವೈಫೈ ಇದೆಯಲ್ಲ” ಅಂದ. ನೀನು ಆಡಿ ಮುಗಿಸಿದ ಮೇಲೆ ನನಗೆ ಬೇಕು, ನಾನು ಮುಗಿಸಿದ ಮೇಲೆ ಇಪ್ಪತ್ತು ವರ್ಷ ಬಿಟ್ಟು ನಿನ್ನ ಮಕ್ಕಳಿಗೆ ಬೇಕು ಎಂದು ಹೇಳಿದೆ. ಅವನು ಒಪ್ಪಿದಂತೆ ಕಾಣಲಿಲ್ಲ, ಆದರೆ ಪಟ್ಟಿಯ ಚಿತ್ರ ಹೇಗಿರುತ್ತದೆ ತೋರಿಸು ಎಂದು ಫೋನು ನನ್ನ ಕೈಗೆ ಕೊಟ್ಟ.