ಊರುಗೋಲು ಮತ್ತು ಮೊದಲ ಹೆಜ್ಜೆ

ಜನರು ನನ್ನನ್ನು ‘ಫಾದರ್’ ಎಂದು ಕರೆಯಲಾರಂಭಿಸಿ ಎರಡೂವರೆ ದಶಕಗಳೇ ಸಂದವು. ಆದರೆ ನಡುರಾತ್ರಿಯಲ್ಲಿ ಅಳುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ಅಡ್ಡಾಡುವ ಭಾಗ್ಯ ನನಗೆ ಒದಗಿದ್ದು ಐವತ್ತು ದಾಟಿದ ಮೇಲೆ, ಅದೂ ಎರಡು ವಾರಗಳ ಮಟ್ಟಿಗೆ. ಕಳೆದ ಬೇಸಿಗೆಯಲ್ಲಿ ಕನಕಪುರದ ಕಡೆಯ ನಮ್ಮ ಹಳ್ಳಿಗೆ ಹೋಗಿದ್ದೆ. ತಮ್ಮನ ಮಗಳು ತನ್ನ ಹದಿಮೂರು ತಿಂಗಳ ಹೆಣ್ಣುಮಗುವಿನೊಂದಿಗೆ ತವರಿಗೆ ಬಂದಿದ್ದಳು.

ಪುಟ್ಟಿಗೆ ಆಗ ಬರುತ್ತಿದ್ದ ಮಾತುಗಳು ಎರಡೇ: ‘ತಾ’ ಮತ್ತು ‘ಅಪ್ಪ’. ಕೊಡುವಾಗಲೂ ‘ತಾ’, ಕಸಿದುಕೊಳ್ಳುವಾಗಲೂ ‘ತಾ’. ಒಂದು ಬೆಳಿಗ್ಗೆ ನನ್ನ ಮುಖವನ್ನೇ ದಿಟ್ಟಿಸಿ ‘ಅಪ್ಪ’ ಎಂದಳು. ಇಂಗ್ಲಿಷಿನಲ್ಲಿ ಇಷ್ಟು ಕಾಲ ಕೇಳಿದ್ದ ಪದವನ್ನು ಕನ್ನಡದಲ್ಲಿ ಕೇಳಿ ನನ್ನ ಗಂಟಲು ಕಟ್ಟಿತು. ಮರುಕ್ಷಣವೇ ಅಂಗಳದ ಹುಂಜವನ್ನೂ ಅವಳು ಅಷ್ಟೇ ಪ್ರೀತಿಯಿಂದ ‘ಅಪ್ಪ’ ಎಂದು ಕರೆದಳು. ಟವೆಲನ್ನು ತನ್ನ ಮುಖಕ್ಕೆ ಮುಚ್ಚಿಕೊಂಡು, ತಾನು ಕಾಣುವುದಿಲ್ಲವೆಂಬ ಭರವಸೆಯಿಂದ ಕುಳಿತಿರುತ್ತಿದ್ದಳು. ನನ್ನ ಕನ್ನಡಕ ಒಂದು ದಿನವೆಲ್ಲ ಕಾಣೆಯಾಗಿ ಕೊನೆಗೆ ರಾಗಿಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು.

ಅಂಗನವಾಡಿಯ ಕಾರ್ಡನ್ನು ತೆರೆದು ನೋಡಿದೆ. ಹುಟ್ಟಿದಾಗ 2.9 ಕಿಲೋ ಇದ್ದವಳು ವರ್ಷ ತುಂಬುವಾಗ 8.7 ಕಿಲೋ ಆಗಿದ್ದಳು. ಮೊದಲ ವರ್ಷದಲ್ಲಿ ಮಗುವಿನ ತೂಕ ಸುಮಾರು ಮೂರು ಪಟ್ಟಾಗುತ್ತದೆ, ಉದ್ದ ಅರ್ಧದಷ್ಟು ಹೆಚ್ಚುತ್ತದೆ. ನಾವು ಆ ವೇಗದಲ್ಲಿಯೇ ಬೆಳೆಯುತ್ತ ಹೋಗಿದ್ದರೆ ಯಾವ ಮನೆಗೂ ಸೂರು ಉಳಿಯುತ್ತಿರಲಿಲ್ಲ!

ಆದರೆ ಮನೆಯಲ್ಲಿ ಒಂದು ಚಿಂತೆಯಿತ್ತು. ಪುಟ್ಟಿ ಇನ್ನೂ ನಡೆಯುತ್ತಿರಲಿಲ್ಲ. ಗೋಡೆ ಹಿಡಿದು ನಿಲ್ಲುವಳು, ಎರಡು ಹೆಜ್ಜೆ ಸರಿಯುವಳು, ದೊಪ್ಪನೆ ಕೂರುವಳು. ಚನ್ನಪಟ್ಟಣದಿಂದ ತಂದ ಮೂರು ಚಕ್ರದ ಮರದ ಗಾಡಿಯನ್ನು ತಳ್ಳುವ ಬದಲು ಮಗುಚಿ ಹಾಕಿ ಚಕ್ರ ತಿರುಗಿಸುವಳು. ನೆರೆಮನೆಯ ಮಗು ಹತ್ತನೆಯ ತಿಂಗಳಿಗೇ ನಡೆದಿತ್ತೆಂಬ ಸುದ್ದಿ ದಿನಕ್ಕೊಮ್ಮೆಯಾದರೂ ನಮ್ಮ ಕಿವಿಗೆ ಬೀಳುತ್ತಿತ್ತು.

ಎಂಬತ್ತು ದಾಟಿದ ನನ್ನ ಅಮ್ಮ ಏನನ್ನೂ ಹೇಳುತ್ತಿರಲಿಲ್ಲ. ಪ್ರತಿ ಸಂಜೆ ಮಗುವಿನ ಕಾಲಿಗೆ ಎಣ್ಣೆ ಹಚ್ಚುವಾಗ ಮಾತ್ರ ಎರಡೂ ಮೀನಖಂಡಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿ ನೋಡುತ್ತಿದ್ದರು. ಬಲಗಾಲು, ಎಡಗಾಲು, ಮತ್ತೆ ಬಲಗಾಲು. ಅದನ್ನು ಕಂಡಾಗ ನನಗೆ ಎಲ್ಲವೂ ನೆನಪಾಯಿತು.

1975ರ ಮಳೆಗಾಲ. ಆಗತಾನೇ ನಡೆಯಲು ಕಲಿತಿದ್ದ ನನ್ನ ತಮ್ಮನಿಗೆ ಜ್ವರ ಬಂದಿತು. ಜ್ವರ ಇಳಿಯಿತು, ಆದರೆ ಅವನ ಬಲಗಾಲು ಮತ್ತೆ ನೆಲವನ್ನು ಗಟ್ಟಿಯಾಗಿ ಊರಲೇ ಇಲ್ಲ. ಅದು ಪೋಲಿಯೊ. ನಮ್ಮ ದೇಶದಲ್ಲಿ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮ ಆರಂಭವಾದದ್ದೇ 1978ರಲ್ಲಿ. ಆ ತಮ್ಮನೇ ಇಂದು ಪುಟ್ಟಿಯ ಅಜ್ಜ. ಊರುಗೋಲಿಲ್ಲದೆ ಅವನು ಏಳಲಾರ. ಭಾರತದಲ್ಲಿ ಆ ವೈರಸ್ಸಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ದೇಶವು ಪೋಲಿಯೊ ಮುಕ್ತವೆಂದು ಘೋಷಿತವಾಯಿತು. ಪುಟ್ಟಿಗೂ ಲಸಿಕೆಗಳೆಲ್ಲ ಆಗಿದ್ದವು. ಆದರೆ ದೇಶವನ್ನು ಬಿಟ್ಟುಹೋದ ರೋಗ ಅಮ್ಮನ ಹೆಬ್ಬೆರಳನ್ನು ಬಿಟ್ಟುಹೋಗಿರಲಿಲ್ಲ.

ನಾನು ಓದಿದವನಲ್ಲವೇ? ಪ್ರವಚನದ ಧಾಟಿಯಲ್ಲಿಯೇ ಅಮ್ಮನಿಗೆ ತಿಳಿಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರೋಗ್ಯವಂತ ಮಕ್ಕಳು ಎಂಟನೆಯ ತಿಂಗಳಿನಿಂದ ಹದಿನೇಳೂವರೆ ತಿಂಗಳವರೆಗೆ ಯಾವಾಗ ಬೇಕಾದರೂ ನಡೆಯಲಾರಂಭಿಸಬಹುದು. ಹದಿನೆಂಟಾದರೂ ನಡೆಯದಿದ್ದರೆ ವೈದ್ಯರಿಗೆ ತೋರಿಸಿದರಾಯಿತು ಎಂದೆ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು: “ಲೆಕ್ಕ ಸರಿ ಕಣಪ್ಪ. ಅವತ್ತು ಅವನೂ ಸರಿಯಾಗೇ ನಡೀತಿದ್ದ.”

ಆಮೇಲೆ, ಎಂದೂ ಹೇಳದಿದ್ದುದನ್ನು ಹೇಳಿದರು. ಆ ವಾರ ಮನೆಯಲ್ಲಿ ರೇಷ್ಮೆಹುಳುಗಳು ನಾಲ್ಕನೆಯ ಜ್ವರದಿಂದ ಎದ್ದಿದ್ದವು. ಆಗ ಅವುಗಳ ಹಸಿವಿಗೆ ಹಗಲು ರಾತ್ರಿಯೆಂಬುದಿಲ್ಲ. ಸೊಪ್ಪು ಹಾಕುವುದನ್ನು ಬಿಟ್ಟು ಹೋಗಲಾಗದೆ, ಮಗುವನ್ನು ಪೇಟೆಯ ವೈದ್ಯರ ಬಳಿಗೆ ಒಂದು ದಿನ ತಡವಾಗಿ ಒಯ್ದಿದ್ದರು. “ಹುಳ ಉಳಿಸಿಕೊಂಡೆ, ಕಾಲು ಕಳೆದೆ” ಎಂದರು.

“ಅಮ್ಮ, ಒಂದು ದಿನ ಮೊದಲೇ ಹೋಗಿದ್ದರೂ ಆ ಕಾಲು ಉಳಿಯುತ್ತಿರಲಿಲ್ಲ. ಆ ರೋಗಕ್ಕೆ ಅಂದೂ ಔಷಧವಿರಲಿಲ್ಲ, ಇಂದೂ ಇಲ್ಲ. ಬಾರದಂತೆ ತಡೆಯುವುದೊಂದೇ ದಾರಿ” ಎಂದೆ. ಅಮ್ಮ ಬಹಳ ಹೊತ್ತು ನನ್ನನ್ನೇ ನೋಡಿದರು. ಇಷ್ಟು ಸರಳವಾದ ಸತ್ಯವನ್ನು ಐವತ್ತು ವರ್ಷಗಳಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ. ನೂರಾರು ಜನರ ಎದೆಯ ಭಾರವನ್ನು ಆಲಿಸಿದ ನಾನೂ, ಸ್ವಂತ ತಾಯಿಯ ಎದೆಯಲ್ಲಿ ಏನಿದೆಯೆಂದು ಕೇಳಿರಲಿಲ್ಲ. ಆ ತಪ್ಪನ್ನು ಇಲ್ಲಿ ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.

ನಾನು ಹೊರಡುವ ಹಿಂದಿನ ದಿನ ಎಲ್ಲರೂ ಪಡಸಾಲೆಯಲ್ಲಿ ಕುಳಿತಿದ್ದೆವು. ತಮ್ಮ ಊರುಗೋಲನ್ನು ಗೋಡೆಗೆ ಒರಗಿಸಿ ಚಾಪೆಯ ಮೇಲಿದ್ದ. ಪುಟ್ಟಿ ಅದನ್ನು ಹಿಡಿದೆಳೆದು ನಿಂತಳು. ತಾಯಿ ಕೈಚಾಚಿದಳು, ನಾನೂ ಚಾಚಿದೆ. ನಮ್ಮಿಬ್ಬರನ್ನೂ ಲೆಕ್ಕಿಸದೆ, ತನಗಿಂತ ಉದ್ದದ ಆ ಕೋಲನ್ನು ಎಳೆದುಕೊಂಡು ಅಜ್ಜನತ್ತ ನಾಲ್ಕು ಹೆಜ್ಜೆ ನಡೆದೇಬಿಟ್ಟಳು! ‘ತಾ’ ಎಂದು ಕೋಲನ್ನು ಅವನ ಕೈಗಿತ್ತಳು. ನಮ್ಮ ಕಣ್ಣುಗಳು ತುಂಬುವಷ್ಟರಲ್ಲಿ ಮತ್ತೆ ‘ತಾ’ ಎಂದು ಅದನ್ನು ಕಸಿದುಕೊಂಡಳು. ಏಳಲಾಗದೆ ಕುಳಿತಲ್ಲೇ ನಕ್ಕವನು ತಮ್ಮ. ಅವನಿಗಿಂತ ಹೆಚ್ಚು ನಕ್ಕವರು ಅಮ್ಮ.

ಅಂದು ಸಂಜೆಯೂ ಅಮ್ಮ ಮಗುವಿಗೆ ಎಣ್ಣೆ ಹಚ್ಚಿದರು. ಆದರೆ ಕಾಲುಗಳನ್ನು ಒತ್ತಿ ನೋಡಲಿಲ್ಲ.

ಓದುಗರೇ, ನಿಮ್ಮ ಮನೆಯ ಹಿರಿಯರೂ ಕಂದಮ್ಮಗಳ ಕುರಿತು ಅತಿಯಾಗಿ ಆತಂಕಪಡುತ್ತಿರಬಹುದು. ಅಂಕಿಅಂಶಗಳನ್ನು ಆಮೇಲೆ ಹೇಳೋಣ. ಮೊದಲು ಅವರ ಪಕ್ಕದಲ್ಲಿ ಕುಳಿತು, ಆ ಭಯ ಯಾವ ಮಗುವಿನದೆಂದು ಕೇಳಿನೋಡಿ.