ಕೂಡಿಡುವುದು ಮತ್ತು ಕಾಪಾಡುವುದು

ಈ ಸಂಪುಟಕ್ಕಾಗಿ ಗುರುಗಳನ್ನು ಕುರಿತು ಬರೆಯಬೇಕೆಂದು ವಿಭಾಗದಿಂದ ಪತ್ರ ಬಂದಾಗ ನಾನು ನಿಶ್ಚಿಂತನಾಗಿದ್ದೆ. 2014ರಲ್ಲಿ ಕೋಲ್ಕತ್ತದ ವಸತಿಗೃಹದಲ್ಲಿ ಅವರೊಡನೆ ನಡೆಸಿದ ಸುದೀರ್ಘ ಮಾತುಕತೆಯ ಧ್ವನಿಮುದ್ರಣ ನನ್ನಲ್ಲಿದೆಯೆಂಬುದೇ ಅದಕ್ಕೆ ಕಾರಣ. ಗಣಕಯಂತ್ರವನ್ನು ತೆರೆದು ಹುಡುಕತೊಡಗಿದೆ. ಮೂರು ವಾರ ಕಳೆದರೂ ಅದು ಸಿಕ್ಕಲಿಲ್ಲ. ಬದಲಾಗಿ ನನ್ನದೇ ಸ್ವಭಾವವೊಂದರ ಪರಿಚಯವಾಯಿತು.

ನಾಲ್ಕು ಹಾರ್ಡ್ ಡಿಸ್ಕುಗಳಲ್ಲಿ 60,000ಕ್ಕೂ ಮಿಕ್ಕಿ ಕಡತಗಳಿದ್ದವು. ಭಾರತೀಯ ಡಿಜಿಟಲ್ ಗ್ರಂಥಾಲಯದಿಂದ ರಾತ್ರಿಯೆಲ್ಲ ಕುಳಿತು ಇಳಿಸಿಕೊಂಡ ಹಳೆಯ ಪುಸ್ತಕಗಳೇ ಅವುಗಳಲ್ಲಿ ಹೆಚ್ಚು. ಅಲ್ಲಿ ಒಂದೊಂದು ಪುಟವೂ ಒಂದೊಂದು ಚಿತ್ರವಾಗಿ ಬರುತ್ತಿದ್ದುದರಿಂದ 300 ಪುಟದ ಪುಸ್ತಕವೆಂದರೆ 300 ಕಡತಗಳು. ಒಂದೇ ಕಾವ್ಯದ ಒಂದೇ ಮುದ್ರಣ ಐದು ಕಡೆ ಇತ್ತು. ವಿಚಾರಸಂಕಿರಣಗಳ ಆಹ್ವಾನಪತ್ರಿಕೆಗಳು, ಮಿತ್ರರ ಪ್ರಬಂಧಗಳ ಕರಡುಗಳು, ಶಾಸನಗಳ ಮಸುಕಾದ ಛಾಯಾಚಿತ್ರಗಳು 'ಹೊಸದು', 'ಹೊಸದು 2', 'ಆಮೇಲೆ ನೋಡುವುದು' ಎಂಬ ಹೆಸರುಗಳ ಕೆಳಗೆ ಬಿದ್ದಿದ್ದವು. ನಾನು ತೆರೆದು ಓದಿದ್ದು ನೂರಕ್ಕೆ ಹತ್ತೂ ಇರಲಾರದು.

ಗುರುಗಳು ಅಂದು ಕೋಲ್ಕತ್ತದಲ್ಲಿ ಕೇಳಿದ್ದೂ ಇದನ್ನೇ. ಅಲೀಪುರದ ಬೆಲ್ವೆಡೇರ್ ಆವರಣಕ್ಕೆ ನಾವಿಬ್ಬರೂ ಹೋಗಿದ್ದೆವು. 1954ರ ಕಾಯಿದೆಯಂತೆ ದೇಶದಲ್ಲಿ ಪ್ರಕಟವಾಗುವ ಪ್ರತಿಯೊಂದು ಪುಸ್ತಕದ ಒಂದು ಪ್ರತಿ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸಲ್ಲಬೇಕು. ಹಾಗೆ ಬಂದ ಪುಸ್ತಕಗಳನ್ನು ವರ್ಗೀಕರಿಸಿ ಭಾರತೀಯ ರಾಷ್ಟ್ರೀಯ ಗ್ರಂಥಸೂಚಿಯನ್ನು ಸಿದ್ಧಪಡಿಸುವ ಕೆಲಸ ಅದೇ ಆವರಣದ ಕೇಂದ್ರೀಯ ಪರಾಮರ್ಶನ ಗ್ರಂಥಾಲಯದ್ದು. ಸೂಚಿಯ ಹಳೆಯ ಸಂಪುಟವೊಂದರಲ್ಲಿ, ರೋಮನ್ ಲಿಪಿಯಲ್ಲಿ, ಗುರುಗಳ ಮೊದಲ ಪುಸ್ತಕದ ನಮೂದು ಸಿಕ್ಕಿತು. ಅವರು ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, "ಇದರ ಪ್ರತಿ ನನ್ನ ಹತ್ತಿರವೇ ಇಲ್ಲ, ನೋಡು" ಎಂದರು.

ಮರುದಿನ ಜಾದವಪುರ ವಿಶ್ವವಿದ್ಯಾಲಯದವರು ಸಿದ್ಧಪಡಿಸಿದ್ದ 'ಬಿಚಿತ್ರಾ'ವನ್ನು ಗಣಕದಲ್ಲಿ ತೆರೆದು ನೋಡಿದೆವು. ರವೀಂದ್ರನಾಥ ಠಾಕೂರರ ಹಸ್ತಪ್ರತಿಗಳೂ ಮುದ್ರಿತ ಪಾಠಗಳೂ ಸೇರಿ 1,30,000ಕ್ಕೂ ಹೆಚ್ಚಿನ ಪುಟಗಳನ್ನು ಅದು 2013ರಲ್ಲಿ ಲೋಕಕ್ಕೆ ತೆರೆದಿಟ್ಟಿತ್ತು. ಅಲ್ಲಿ ಒಂದು ಕವಿತೆಯ ಪಾಠಗಳನ್ನು ಒಟ್ಟಿಗಿಟ್ಟು ಹೋಲಿಸಬಹುದು. ಬೇಕಾದ ಪದವನ್ನು ಹುಡುಕಬಹುದು. ನನ್ನ ಸಂಗ್ರಹವೂ ಸಣ್ಣದಲ್ಲವೆಂದು ನಾನು ಹೆಮ್ಮೆಯಿಂದ ಹೇಳಿದೆ.

"ಪಟ್ಟಿ ಮಾಡಿದ್ದೀಯೇನಪ್ಪಾ?" ಎಂದರು.

"ಇಲ್ಲ ಸಾರ್, ಆಮೇಲೆ ಮಾಡುತ್ತೇನೆ."

"ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಬರೆಸಿದಳು ಅಂತ ಪಾಠ ಹೇಳ್ತೀಯಲ್ಲ. ಮನೆಯಲ್ಲಿ ಇಟ್ಟುಕೊಳ್ಳೋದಕ್ಕೆ ಬರೆಸಿದ್ದಲ್ಲ ಕಣಯ್ಯ, ಹಂಚೋದಕ್ಕೆ."

ನನ್ನ ಪರವಾಗಿಯೂ ಹೇಳಬೇಕಾದ ಮಾತೊಂದಿದೆ. ಗೆದ್ದಲು ತಿಂದ ಓಲೆಗರಿಗಳ, ಹೊಳೆಗೆ ಬಿಟ್ಟ ಕಟ್ಟುಗಳ ಕಥೆ ಕೇಳಿ ಬೆಳೆದವರು ನಾವು. ಕಳೆದುಹೋದೀತೆಂಬ ಭಯ ನಮ್ಮ ವಿದ್ಯೆಯೊಡನೆಯೇ ಬಂದದ್ದು. ಆ ಭಯ ಸುಳ್ಳೂ ಅಲ್ಲ. ನಾನು ಪುಸ್ತಕಗಳನ್ನು ಇಳಿಸಿಕೊಂಡ ಆ ಡಿಜಿಟಲ್ ಗ್ರಂಥಾಲಯದ ತಾಣವೇ ಮುಂದೆ ನಿಂತುಹೋಯಿತು. ಅಲ್ಲಿದ್ದ ಎಷ್ಟೋ ಪುಸ್ತಕಗಳು ಇಂದು ದೊರೆಯುತ್ತಿದ್ದರೆ ಅದು ಪ್ರತಿ ಮಾಡಿಟ್ಟವರ ಪುಣ್ಯ. ಆದರೆ ಅವರು ಪುಸ್ತಕಗಳಿಗೆ ಹೆಸರು ಕೊಟ್ಟು ಎಲ್ಲರ ಕೈಗೂ ಸಿಕ್ಕುವಂತೆ ಇಟ್ಟರು. ನಾನು ನನಗೇ ಸಿಕ್ಕದಂತೆ ಇಟ್ಟೆ. ಹಿಂದಿನ ಲಿಪಿಕಾರನಾದರೂ ಪ್ರತಿ ಮಾಡಬೇಕಾದರೆ ಅಕ್ಷರ ಅಕ್ಷರವನ್ನೂ ಓದಲೇಬೇಕಾಗಿತ್ತು. ಓಲೆ ಮುಗಿಯುವ ಹೊತ್ತಿಗೆ ಕಾವ್ಯದಲ್ಲಿ ಸ್ವಲ್ಪವಾದರೂ ಅವನದಾಗುತ್ತಿತ್ತು. ನನ್ನ ಪ್ರತಿಗೆ ಬೆರಳೊತ್ತಿದರೆ ಸಾಕಾಗಿತ್ತು. ಪಡೆದದ್ದನ್ನೇ ಓದಿದ್ದೆಂದು ಎಷ್ಟು ವರ್ಷ ಭ್ರಮಿಸಿದೆನೋ!

ಡಿಸ್ಕುಗಳಲ್ಲಿ ಒಂದು ಈಗ ತೆರೆಯುವುದೇ ಇಲ್ಲ. ಗುರುಗಳ ಮಾತು ಅದರಲ್ಲಿಯೇ ಇದ್ದಿರಬಹುದು. ಅವರು ತೀರಿಕೊಂಡು ಎರಡು ವರ್ಷಗಳಾದವು. ಮೇಲೆ ಬರೆದ ಮಾತುಗಳು ನೆನಪಿನಿಂದ ಬರೆದವು. ಅವರ ದನಿಯ ಏರಿಳಿತವನ್ನು ನಾನು ಇಲ್ಲಿ ಕೊಡಲಾರೆ.

ಈಗ ಪ್ರತಿದಿನ ಸಂಜೆ ಇಪ್ಪತ್ತು ಕಡತಗಳನ್ನು ತೆರೆಯುತ್ತೇನೆ. ಓದಿ ಹೆಸರಿಡುತ್ತೇನೆ, ಎರಡೆರಡಿದ್ದರೆ ಅಳಿಸುತ್ತೇನೆ, ಉಪಯುಕ್ತವಾದುದನ್ನು ವಿಭಾಗದ ವಿದ್ಯಾರ್ಥಿಗಳಿಗೆ ಪಟ್ಟಿಯೊಡನೆ ಕೊಡುತ್ತೇನೆ. ಈ ಗತಿಯಲ್ಲಿ ಎಲ್ಲ ಮುಗಿಯಲು ಎಂಟು ವರ್ಷ ಬೇಕು. ಉಳಿದ ಮೂರು ಡಿಸ್ಕುಗಳಲ್ಲಿ ಎಲ್ಲಿಯಾದರೂ, ಯಾವ ಹೆಸರಿನ ಕೆಳಗಾದರೂ, ಆ ಸಂಜೆಯ ದನಿ ಇದ್ದೀತೆಂಬ ಆಸೆಯನ್ನು ನಾನಿನ್ನೂ ಬಿಟ್ಟಿಲ್ಲ.